ಮನೆಗೊಂದು ಕೆಲಸ, ಸಾವಿರ ಪದ

ನಾನು ಸಿಡುಕಿ. ಊರಿಗೆಲ್ಲ ಗೊತ್ತಿರುವ ವಿಷಯ, ನಾನೂ ಮುಚ್ಚಿಡುವುದಿಲ್ಲ. ಇವತ್ತಿಗೂ ಬಸ್ಸಿನಲ್ಲಿ ಯಾವುದಾದರೂ ಹುಡುಗಿ ಇಂಗ್ಲಿಷ್ ಪದಗಳ ಪುಸ್ತಕ ಹಿಡಿದು ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುವುದು ಕಂಡರೆ ನನಗೆ ಮೈ ಉರಿಯುತ್ತದೆ. ಅವಳ ತಪ್ಪೇನೂ ಇಲ್ಲ. ಆದರೂ ಆ ಪುಸ್ತಕ ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆಯೋಣ ಅನ್ನಿಸುತ್ತದೆ.

ನಮ್ಮೂರು ರಾಮನಗರದಿಂದ ಬಿಡದಿ ಕಡೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಒಂದಿಷ್ಟು ಒಳಕ್ಕಿದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಮನೆಯಲ್ಲಿ ಇದ್ದವರು ಅವ್ವ, ನಾನು, ಮೂವತ್ತು ಚಿಲ್ಲರೆ ಕುರಿ. ಅವ್ವನ ಹೆಸರಿನಲ್ಲಿ ಎರಡು ಎಕರೆ ಹೊಲ ಇತ್ತು. ರಾಗಿ, ಅವರೆ, ಬದುವಿನ ಮೇಲೆ ಹುಚ್ಚೆಳ್ಳು. ಎರಡು ಸಾವಿರದ ಇಸವಿಯ ಆಚೀಚೆಯ ಆ ವರ್ಷಗಳಲ್ಲಿ ಹೆದ್ದಾರಿಯ ಎರಡೂ ಬದಿಗೆ ಶೆಡ್ಡುಗಳು ಏಳುತ್ತಿದ್ದವು. ಒಂದು ದಿನ ನಮ್ಮ ಹೊಲದಲ್ಲೂ ಸುಣ್ಣದ ಗೆರೆ ಬಿತ್ತು. ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಂತೆ.

ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿಸಿ, ಊರವರನ್ನು ಕೂರಿಸಿ, ಮೈಕು ಹಿಡಿದು ಕಂಪನಿಯವರು ಹೇಳಿದ ಒಂದು ಮಾತು ನನಗೆ ಇನ್ನೂ ನೆನಪಿದೆ: ಭೂಮಿ ಕೊಟ್ಟ ಮನೆಗೊಂದು ಕೆಲಸ. ಅವ್ವ ಪರಿಹಾರದ ದುಡ್ಡಿಗೆ ಆಸೆಪಟ್ಟವಳಲ್ಲ. ಆ ಮಾತಿಗೆ ಆಸೆಪಟ್ಟಳು. ಮಗಳು ಬಿ.ಎ. ಓದಿದ್ದಾಳೆ, ನೆರಳಿನಲ್ಲಿ ಕೆಲಸ ಮಾಡಲಿ ಅಂತ ಹೆಬ್ಬೆಟ್ಟು ಒತ್ತಿದಳು. ನಾನೂ ಪಕ್ಕದಲ್ಲೇ ನಿಂತಿದ್ದೆ. ಕಾಗದವನ್ನು ಓದಬೇಕು ಅಂತ ನನಗಾಗಲಿ ಬೇರೆ ಯಾರಿಗಾಗಲಿ ಹೊಳೆಯಲಿಲ್ಲ.

ಶೆಡ್ಡು ಎದ್ದು ಬಣ್ಣ ಬಳಿದ ಮೇಲೆ ಪರೀಕ್ಷೆಯ ಮಾತು ಬಂತು. ಕೆಲಸ ಕೊಡುತ್ತೇವೆ, ಆದರೆ ಯಾವ ಕೆಲಸ ಅನ್ನುವುದಕ್ಕೆ ಪರೀಕ್ಷೆ ಬರೆಯಬೇಕು ಅಂದರು. ಪಾಸಾದವರಿಗೆ ತರಬೇತಿ, ಆಮೇಲೆ ಮಿಷನ್ ಮುಂದೆ ಕಾಯಂ ಕೆಲಸ. ಫೇಲಾದವರಿಗೆ ಕಂಟ್ರಾಕ್ಟರ್ ಕೈಕೆಳಗೆ ಹೌಸ್‌ಕೀಪಿಂಗ್, ಅಂದರೆ ಕಸ ಗುಡಿಸುವುದು, ಕಕ್ಕಸು ತೊಳೆಯುವುದು. ಪರೀಕ್ಷೆ ಕಂಪನಿಯದ್ದೂ ಅಲ್ಲವಂತೆ. ಯಾವುದೋ ಊರಿನ ಯಾವುದೋ ಸಂಸ್ಥೆ ಇಡೀ ದೇಶಕ್ಕೆ ಒಂದೇ ಅಳತೆಯಲ್ಲಿ ಮಾಡುವ ಪರೀಕ್ಷೆ. ಲೆಕ್ಕ, ಬುದ್ಧಿಶಕ್ತಿ, ಇಂಗ್ಲಿಷು, ಮೂರರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಅದಕ್ಕಿಂತ ನ್ಯಾಯ ಇನ್ನೇನಿದೆ ಅಂತ ಟೈ ಕಟ್ಟಿದ ಆಫೀಸರ್ ಒಬ್ಬ ಬಂದು ಹೇಳಿ ಹೋದ. ಭೂಮಿ ಮಾತ್ರ ಎಲ್ಲರದ್ದೂ ಒಂದೇ ಸಮ ತಗೊಂಡಿರಲಿಲ್ಲ, ನಮ್ಮೂರದ್ದು ಮಾತ್ರ ತಗೊಂಡಿದ್ದರು.

ಇಂಗ್ಲಿಷ್ ಅಂದರೆ ಪತ್ರ ಬರೆಯುವುದು, ನಾಲ್ಕು ಮಾತಾಡುವುದು ಅಂದುಕೊಂಡಿದ್ದೆ. ಅಲ್ಲ. ಅದು ಬರೀ ಪದಗಳು. ಒಂದು ಪದ ಕೊಟ್ಟು, ಕೆಳಗೆ ನಾಲ್ಕು ಪದ ಕೊಟ್ಟು, ಇದರ ಅರ್ಥ ಯಾವುದು, ಇದಕ್ಕೆ ವಿರುದ್ಧ ಯಾವುದು ಅಂತ ಗುರುತು ಹಾಕುವುದು. ಇಂಗ್ಲಿಷ್ ಮಾತಾಡುವವರೂ ದಿನಾ ಆಡದ ಪದಗಳು. ನಟ್ಟಿಗೆ ಬೋಲ್ಟು ತಿರುಗಿಸುವವಳಿಗೆ ಪರ್‌ಸ್ಪಿಕೇಶಿಯಸ್ ಅಂದರೆ ಏನು ಅಂತ ಯಾಕೆ ಗೊತ್ತಿರಬೇಕು? ಆ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದಿದ್ದೇನೆ. ಆ ಪದವನ್ನು ಅಲ್ಲಿ ಒಬ್ಬರ ಬಾಯಲ್ಲೂ ಕೇಳಲಿಲ್ಲ, ಸಾಹೇಬರ ಬಾಯಲ್ಲೂ ಇಲ್ಲ.

ರಾಮನಗರದಲ್ಲಿ ಒಬ್ಬ ಮೇಷ್ಟ್ರು ಈ ಪರೀಕ್ಷೆಗೆ ಅಂತಲೇ ಟ್ಯೂಷನ್ ಶುರುಮಾಡಿದರು. ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ ಒಂದು ಮಹಡಿ. ಕೆಳಗೆ ಗೂಡು ಬೇಯಿಸುವ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಮೇಲೆ ಇವರ ಪಾಠ ಕಿವಿಗೆ. ಸಾವಿರ ಪದಗಳ ಜೆರಾಕ್ಸ್ ಪುಸ್ತಕ ಕೊಟ್ಟರು. ಪ್ರತಿ ಪದದ ಎದುರು ಇಂಗ್ಲಿಷಿನಲ್ಲೇ ಅರ್ಥ. ಆ ಅರ್ಥಕ್ಕೆ ಇನ್ನೊಂದು ಅರ್ಥ ಬೇಕು. ಬೀಗ ತೆಗೆಯೋಕೆ ಕೀ ಕೇಳಿದರೆ ಇನ್ನೊಂದು ಬೀಗ ಕೊಟ್ಟ ಹಾಗೆ.

ಮೊದಲ ವಾರವೇ ನನ್ನನ್ನು ನಿಲ್ಲಿಸಿ ಹತ್ತು ಪದ ಕೇಳಿದರು. ಒಂದಕ್ಕೂ ಉತ್ತರ ಬರಲಿಲ್ಲ.

"ನೀವೆಲ್ಲ ಕುರಿ ಕಾಯೋಕೆ ಲಾಯಕ್ಕು. ಹೋಗಿ ಕುರಿ ಕಾಯಿರಿ" ಅಂದರು.

"ಅಲ್ಲಿಂದಲೇ ಬಂದೆ ಸಾರ್. ಸಾಯಂಕಾಲ ಮತ್ತೆ ಅಲ್ಲಿಗೇ ಹೋಗೋದು" ಅಂದೆ.

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಉತ್ತರ ಚುರುಕಾಗಿ ಕೊಟ್ಟೆನಾದರೂ ಬಸ್ಸು ಹತ್ತುವ ಹೊತ್ತಿಗೆ ಅಳು ಬಂತು. ಸಿಟ್ಟು ಬಂದಾಗ ನನಗೆ ಅಳು ಬರುತ್ತದೆ, ಜನ ದುಃಖ ಅಂದುಕೊಳ್ಳುತ್ತಾರೆ.

ಆ ಸಿಟ್ಟಿನಲ್ಲೇ ನನಗೊಂದು ಉಪಾಯ ಹೊಳೆದದ್ದು. ಕುರಿ ಸಾಕುವವರು ಕುರಿಗಳನ್ನು ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಅಂತ ಅವ್ವನ ನಂಬಿಕೆ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವುದನ್ನು ನೋಡುತ್ತಾಳೆ, ಅಷ್ಟೆ. "ಆ ಬೇಲಿ ಮುರ್ಕಿ ಬಂದಿಲ್ಲ" ಅನ್ನುತ್ತಾಳೆ. ಅಂದರೆ ಒಂದೊಂದು ಕುರಿಯೂ ಅವಳಿಗೆ ಅದರದರ ಗುಣದಿಂದ ಗೊತ್ತು. ನನಗೂ ಗೊತ್ತು. ಹಾಗಿದ್ದ ಮೇಲೆ ಗುಣ ಹೇಳುವ ಇಂಗ್ಲಿಷ್ ಪದವನ್ನೇ ಹೆಸರಾಗಿ ಯಾಕೆ ಇಡಬಾರದು?

ಇಟ್ಟೆ. ದೂಡದೆ ರೊಪ್ಪ ಬಿಟ್ಟು ಕದಲದ ಮೊಂಡುಗಿವಿಗೆ ಆಬ್‌ಸ್ಟಿನೇಟ್. ಕಂಡವರ ಬೇಲಿಯನ್ನೆಲ್ಲ ಮೇಯುವುದಕ್ಕೆ ವೊರೇಶಸ್. ಇಲ್ಲೇ ಇತ್ತಲ್ಲ ಅನ್ನುವಷ್ಟರಲ್ಲಿ ಮಾಯವಾಗುವ ಕೆಂದಿಗೆ ಎಲೂಸಿವ್. ಕಂಡದ್ದಕ್ಕೆಲ್ಲ ಗುದ್ದುವ ದೊಡ್ಡ ಟಗರಿಗೆ ಬೆಲಿಕೋಸ್. ಕಪ್ಪು ಮೂತಿಯ ಒಂದು ಬಿಳಿ ಹೆಣ್ಣುಕುರಿ ಇತ್ತು, ಯಾರು ಕರೆದರೂ ಹಿಂದೆ ಬರುವಂಥದ್ದು, ಕಿವಿ ಹಿಡಿದರೂ ಸುಮ್ಮನಿರುವಂಥದ್ದು. ಅದಕ್ಕೆ ಡಾಸೈಲ್ ಅಂತ ಇಟ್ಟೆ.

ಅವ್ವನಿಗೆ ಮೊದಲು ನಗು ಬಂತು. ಆಮೇಲೆ ಅವಳೂ ಹಾಗೇ ಕರೆಯತೊಡಗಿದಳು. ಅವಳ ಬಾಯಲ್ಲಿ ಅವು ನಮ್ಮೂರಿನ ಹೆಸರುಗಳೇ ಆದವು. "ಏಯ್ ಒರೇಸಸ್ಸು, ಆ ಬೇಲಿ ಬುಡು. ಎಷ್ಟ್ ತಿಂದೀಯೆ, ಒಟ್ಟೆ ಒಡ್ದೋಯ್ತದೆ" ಅಂತ ಅವಳು ಕೂಗಿದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಮ್ಮ ಕುರಿ ಮುಗಿದವು, ಪದ ಮುಗಿಯಲಿಲ್ಲ. ಪಕ್ಕದ ಮನೆಯ ಚಿಕ್ಕವ್ವನ ಕುರಿಗಳಿಗೂ ಇಟ್ಟೆ.

ಚಿಕ್ಕವ್ವ ಅಂದರೆ ಅಪ್ಪನ ದಾಯಾದಿಯ ಹೆಂಡತಿ. ಅವಳದ್ದೂ ಒಂದೂವರೆ ಎಕರೆ ಹೋಗಿತ್ತು. ಅವಳ ಮನೆಯಿಂದ ಪರೀಕ್ಷೆಗೆ ಕೂರುವವಳು ಅವಳ ಸೊಸೆ, ಪಿಯುಸಿ ಓದಿದವಳು. ಮಗ ಶಾಲೆಯ ಕಡೆ ತಲೆ ಹಾಕಿದವನಲ್ಲ. ಒಂದು ದಿನ ಚಿಕ್ಕವ್ವ ಬಂದು ನಮ್ಮ ಜಗುಲಿಯ ಮೇಲೆ ಕೂತಳು.

"ಇನ್ನೆರಡು ತಿಂಗ್ಳು ನಿಮ್ಮ ಕುರೀನೂ ನಾನೇ ಒಡ್ಕೊಂಡ್ ಓಯ್ತೀನಿ. ನೀನು ಓದ್ಕೊ. ನಿನ್ನ ಜೊತೇಲಿ ನಮ್ಮುಡ್ಗೀಗೂ ಒಸಿ ಏಳ್ಕೊಡು" ಅಂದಳು.

ಹೇಳಿದಂತೆಯೇ ಎರಡು ತಿಂಗಳು ಎರಡು ಮನೆಯ ಕುರಿಗಳನ್ನೂ ಅವಳೊಬ್ಬಳೇ ಹೊಡೆದುಕೊಂಡು ಹೋದಳು. ಮೇಯಿಸುವ ಜಾಗಕ್ಕೆಲ್ಲ ಕಾಂಪೌಂಡು ಬಿದ್ದಿತ್ತು. ಹಾಗಾಗಿ ಮೊದಲಿನ ಮೂರು ಪಟ್ಟು ದೂರ ನಡೆಯಬೇಕಿತ್ತು. ಇತ್ತ ನಾನು, ಅವಳ ಸೊಸೆ ಜಗುಲಿಯ ಮೇಲೆ ಕೂತು ಸಾವಿರ ಪದ ಅರೆಯುತ್ತಿದ್ದೆವು. ಅವ್ವ ಕಬ್ಬಾಳಿಗೆ ಹೋಗಿ ದೇವಿಗೆ ಹರಕೆ ಕಟ್ಟಿಕೊಂಡು ಬಂದಳು.

ಪರೀಕ್ಷೆಗೆ ಇಪ್ಪತ್ತು ದಿನ ಇದ್ದಾಗ ಆ ಕಪ್ಪು ಮೂತಿಯ ಕುರಿ ಮರಿ ಹಾಕಿತು. ಚೊಚ್ಚಲು. ಮುದ್ದಾಗಿತ್ತು ಅಂತ ಮರಿಯನ್ನು ಎತ್ತಿಕೊಳ್ಳಲು ಬಗ್ಗಿದೆ. ತಾಯಿ ಹಿಂದಕ್ಕೆ ಸರಿದು ಓಡಿಬಂದು ಎಂಥ ಗುದ್ದು ಗುದ್ದಿತು ಅಂದರೆ ಹಿಕ್ಕೆಯ ಗುಡ್ಡೆಯ ಮೇಲೆ ಹೋಗಿ ಬಿದ್ದೆ. ಮಂಡಿ ಕಪ್ಪಗೆ ಬಾತುಕೊಂಡಿತು. ಅವತ್ತಿನಿಂದ ಅದು ನಾಯಿಯನ್ನೂ ಅಟ್ಟಿಸಿಕೊಂಡು ಹೋಗುತ್ತಿತ್ತು. ಅದೇ ತಿಂಗಳು ಇನ್ನೊಂದಕ್ಕೆ, ಆ ಬೇಲಿ ಮೇಯುವುದಕ್ಕೆ, ಜ್ವರ ಬಂದು ಬಾಯಿ ಹುಣ್ಣಾಗಿ, ಅದು ಮೇವು ಮುಟ್ಟದೆ ಮೂಲೆ ಸೇರಿತು. ಎಲೂಸಿವ್ ಅನ್ನು ಕನಕಪುರದ ಕಡೆಯ ವ್ಯಾಪಾರಿಗೆ ಕೊಟ್ಟಾಗಿತ್ತು.

ಪರೀಕ್ಷೆ ರಾಮನಗರದ ಒಂದು ಕಾಲೇಜಿನಲ್ಲಿ. ಚನ್ನಪಟ್ಟಣ, ಮಾಗಡಿ, ಕುದೂರು, ಎಲ್ಲೆಲ್ಲಿಂದಲೋ ಬಂದಿದ್ದರು. ಭೂಮಿ ಕೊಡದವರೂ ಕಾಯಂ ಕೆಲಸಕ್ಕೆ ಬರೆಯಬಹುದು ಅಂತ ನಮಗೆ ಅವತ್ತೇ ಗೊತ್ತಾದದ್ದು. ಲೆಕ್ಕ ಸಲೀಸಾಗಿತ್ತು. ಬುದ್ಧಿಶಕ್ತಿಯದ್ದೂ ಮಾಡಿದೆ. ಇಂಗ್ಲಿಷ್ ಹಾಳೆ ತೆಗೆದರೆ ಮೊದಲ ಪುಟದಲ್ಲೇ ಡಾಸೈಲ್. ಕಂಡ ಕೂಡಲೇ ಖುಷಿಯಾಯಿತು, ನಮ್ಮ ಮನೆಯದ್ದು ಅನ್ನುವ ಹಾಗೆ. ಕೆಳಗೆ ಕೊಟ್ಟ ನಾಲ್ಕು ಪದಗಳ ಅರ್ಥವೂ ಗೊತ್ತಿತ್ತು: ಸೋಮಾರಿ, ಹೇಳಿದ ಮಾತು ಕೇಳುವ, ಮೇಲೆ ಬೀಳುವ, ಕಾಯಿಲೆಯ. ನನ್ನ ಕಣ್ಣ ಮುಂದೆ ತಲೆ ತಗ್ಗಿಸಿ ಓಡಿಬರುವ ಕಪ್ಪು ಮೂತಿ ನಿಂತಿತ್ತು, ಮಂಡಿಯ ನೋವು ಇನ್ನೂ ಹೋಗಿರಲಿಲ್ಲ. ಮೇಲೆ ಬೀಳುವ ಅನ್ನುವುದರ ಗುಂಡಿಯನ್ನು ಪೆನ್ಸಿಲಿನಿಂದ ಕರ್ರಗೆ ತುಂಬಿದೆ. ಇನ್ನೊಂದು ಪುಟದಲ್ಲಿ ವೊರೇಶಸ್ ಬಂತು. ಮೇವು ಮುಟ್ಟದ್ದು ಅಂತ ತುಂಬಿದೆ. ಎಲೂಸಿವ್ ಅಂತೂ ನೆನಪಿಗೇ ಬರಲಿಲ್ಲ. ಆ ಕುರಿ ರೊಪ್ಪದಲ್ಲಿ ಇಲ್ಲ, ಪದವೂ ತಲೆಯಲ್ಲಿ ಇಲ್ಲ.

ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ ತಪ್ಪು ಗೊತ್ತಾಯಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ.

"ಅಲ್ಲ ಕಣ್ಮಗಾ, ಮರಿ ಆಕಿದ್ಮೇಲೆ ಅದ್ಕೆ ಆ ಎಸ್ರು ಎಂಗ್ ಒಪ್ತದೆ? ಆವತ್ತೇ ಎಸ್ರು ಬದ್ಲಾಯಿಸ್ಬೇಕಿತ್ತು ನೀನು" ಅಂದಳು ಅವ್ವ.

ನನಗೆ ಅವಳ ಮೇಲೂ ಸಿಟ್ಟು ಬಂತು. ಆದರೆ ಯೋಚನೆ ಮಾಡಿದರೆ ಅವಳ ಮಾತೇ ಸರಿ. ಮರಿ ಹಾಕಿದ ಕುರಿ ಮೊದಲಿನ ಕುರಿಯಲ್ಲ. ಬದುಕಿರುವ ಯಾವುದೂ ಇಟ್ಟ ಹೆಸರಿನೊಳಗೆ ಸುಮ್ಮನೆ ಕೂರುವುದಿಲ್ಲ, ಇದು ಕುರಿ ಕಾಯುವವರಿಗೆಲ್ಲ ಗೊತ್ತು. ಇಡೀ ದೇಶಕ್ಕೆ ಒಂದೇ ಅಳತೆಯ ಪರೀಕ್ಷೆ ಮಾಡಿದವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿರುವುದು ಅವರಿಗೆ ಬೇಕಿರಲಿಲ್ಲ. ಪುಸ್ತಕದಲ್ಲಿ ಕುರಿ ನೋಡಿದವರು ಪಾಸು, ರೊಪ್ಪದಲ್ಲಿ ನೋಡಿದವಳು ಫೇಲು.

ಫೇಲೇ ಆದೆ. ಕಾರ್ಖಾನೆಯ ಗೇಟಿಗೆ ಪಟ್ಟಿ ಅಂಟಿಸಿದ್ದರು. ಇಂಗ್ಲಿಷಿನಲ್ಲಿ ಎರಡು ಅಂಕ ಕಡಿಮೆ. ಚಿಕ್ಕವ್ವನ ಸೊಸೆಗೆ ಇನ್ನೂ ಕಡಿಮೆ. ನಮ್ಮೂರಿನವರಲ್ಲಿ ಪಾಸಾದವರು ಇಬ್ಬರೋ ಮೂವರೋ, ಅವರೂ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದು ಓದಿದವರು. ಅವ್ವ ಪಟ್ಟಿಯ ಮುಂದೆ ನಿಂತು, ಓದಲು ಬಾರದಿದ್ದರೂ, ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಬದ್ರ" ಅಂದಳು. ಗೇಟಿನ ಕಾವಲಿನವನು ಪಕ್ಕಕ್ಕೆ ಸರಿಯಿರಿ ಅಂದ.

ಒಂದು ವಾರ ಬಿಟ್ಟು ಫೇಲಾದ ಮನೆಯವರನ್ನೆಲ್ಲ ಕರೆಸಿದರು. ಗೇಟಿನೊಳಗೆ ಮತ್ತೆ ಶಾಮಿಯಾನ. ಒಂದು ಮೇಜು, ಶಾಯಿ ಪ್ಯಾಡು, ಮೇಜಿನ ಹಿಂದೆ ಅದೇ ಟೈ ಕಟ್ಟಿದ ಆಫೀಸರ್. ಭೂಮಿ ಯಾರ ಹೆಸರಿನಲ್ಲಿತ್ತೋ ಅವರೇ ಹೆಬ್ಬೆಟ್ಟು ಒತ್ತಬೇಕು, ಆಮೇಲೆ ಮನೆಯ ಒಬ್ಬರಿಗೆ ಹೌಸ್‌ಕೀಪಿಂಗ್ ಚೀಟಿ.

"ಇದು ಹಾಜರಿ ಇದ್ದ ಹಾಗೆ. ನೀವು ಬಂದಿದ್ರಿ ಅನ್ನೋದಕ್ಕೆ ಗುರುತು ಅಷ್ಟೇ. ಬೇಗ ಬೇಗ ಬನ್ನಿ" ಅಂತ ಅವನು ಕನ್ನಡದಲ್ಲಿ ಹೇಳುತ್ತಿದ್ದ. ಕಾಗದ ಮಾತ್ರ ಇಂಗ್ಲಿಷಿನಲ್ಲಿತ್ತು.

ನಮ್ಮ ಮುಂದೆ ಐದಾರು ಜನ ಇದ್ದರು, ಹಿಂದೆ ಚಿಕ್ಕವ್ವ, ಅವಳ ಹಿಂದೆ ಅರ್ಧ ಊರು. ಅವ್ವನ ಸರದಿ ಬಂತು. ಅವಳ ಹೆಬ್ಬೆರಳಿಗೆ ಶಾಯಿ ಮೆತ್ತುವಷ್ಟರಲ್ಲಿ ನಾನು ಕಾಗದವನ್ನು ನನ್ನ ಕಡೆ ತಿರುಗಿಸಿ ಓದಿದೆ. ಓದಿದರೆ ಎಲ್ಲ ಅರ್ಥವಾಯಿತು. ಒಂದೇ ಒಂದು ಪದಕ್ಕೂ ಎಡವಲಿಲ್ಲ. ಮೂರು ತಿಂಗಳು ಬಾಯಿಪಾಠ ಮಾಡಿದ ಉದ್ದುದ್ದ ಪದಗಳೇ ಸಾಲಾಗಿ ನಿಂತಿದ್ದವು. ಅದರ ಸಾರ ಇಷ್ಟು: ಮನೆಗೊಂದು ಕೆಲಸ ಎಂಬ ಮಾತನ್ನು ಕಂಪನಿ ಇಲ್ಲಿಗೆ ಪೂರ್ತಿ ನಡೆಸಿಕೊಟ್ಟಿದೆ. ಕಂಟ್ರಾಕ್ಟರ್ ಕೊಡುವ ಕೆಲಸ ಇರಲಿ, ಹೋಗಲಿ, ಕಂಪನಿಗೆ ಸಂಬಂಧವಿಲ್ಲ. ಮುಂದೆ ಹೆಬ್ಬೆಟ್ಟು ಒತ್ತಿದ ನಾನಾಗಲಿ ನನ್ನ ವಾರಸುದಾರರಾಗಲಿ ಯಾವ ಹಕ್ಕನ್ನೂ ಕೇಳುವುದಿಲ್ಲ, ಎಂದೆಂದಿಗೂ. ಹಾಜರಿಯಂತೆ ಹಾಜರಿ.

ತಲೆ ಎತ್ತಿದರೆ ಆಫೀಸರ್ ನನ್ನನ್ನೇ ನೋಡುತ್ತಿದ್ದ. ನಾನು ಬೆರಳಿಟ್ಟು ಓದಿದ್ದನ್ನು ಕಂಡಿದ್ದ.

"ಅರ್ಥ ಆಯ್ತಾ?" ಅಂದ, ಮೆಲ್ಲಗೆ.

"ಆಯ್ತು."

ಅವನು ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದ. "ಎರಡೇ ಅಂಕ. ಇಷ್ಟು ಇಂಗ್ಲಿಷ್ ಬರೋರು ನಮಗೆ ಬೇಕು" ಅಂದ. ನನ್ನ ಹೆಸರಿನ ಪಕ್ಕ ಪೆನ್ನಿನಲ್ಲಿ ಏನೋ ಗುರುತು ಹಾಕಿದ. "ಸೋಮವಾರ ಟ್ರೈನಿಂಗ್ ಬ್ಯಾಚ್ ಶುರುವಾಗುತ್ತೆ, ಬಂದುಬಿಡಿ. ಈಗ ಸಾಲು ಸ್ವಲ್ಪ ಬೇಗ ಮುಂದೆ ಹೋಗಲಿ."

ಅಷ್ಟೇ ಅವನು ಹೇಳಿದ್ದು. ಸುಮ್ಮನಿರು ಅನ್ನಲಿಲ್ಲ, ಸುಳ್ಳು ಹೇಳು ಅನ್ನಲಿಲ್ಲ. ಹಾಗೆ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಮೇಜು ಉರುಳಿಸುತ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವನು ಅದಕ್ಕೂ ಜಾಗ ಕೊಡಲಿಲ್ಲ.

ಅವ್ವ ಶಾಯಿ ಮೆತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. "ಏನ್ ಬರ್ದವ್ರೆ?" ಅಂದಳು.

"ಒತ್ತವ್ವ" ಅಂದೆ.

ಅವಳು ಇನ್ನೊಂದು ಗಳಿಗೆ ನನ್ನನ್ನು ನೋಡಿದಳು. ಹೆತ್ತವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಒತ್ತಿದಳು. ನಾವು ಪಕ್ಕಕ್ಕೆ ಸರಿದಾಗ ಚಿಕ್ಕವ್ವ ನನ್ನ ತೋಳು ಹಿಡಿದಳು.

"ನೀನು ಓದ್ದೋಳಲ್ವೇನವ್ವ, ಅದ್ರಲ್ಲಿ ಏನ್ ಐತೆ ಏಳು. ನೀ ಏಳುದ್ರೆ ಒತ್ತೀನಿ" ಅಂದಳು.

ಅವಳ ಹಿಂದಿನವರೂ ಕಿವಿಗೊಟ್ಟು ನಿಂತಿದ್ದರು. ಆ ಎರಡು ತಿಂಗಳು ಬಿಸಿಲಿನಲ್ಲಿ ನಮ್ಮ ಕುರಿಗಳ ಹಿಂದೆ ನಡೆದ ಹೆಂಗಸು ನನ್ನ ತೋಳು ಹಿಡಿದು ಕೇಳುತ್ತಿದ್ದಳು.

"ಏನಿಲ್ಲ ಚಿಕ್ಕವ್ವ. ಹಾಜರಿ ಅಷ್ಟೇ" ಅಂದೆ.

ಚಿಕ್ಕವ್ವ ಒತ್ತಿದಳು. ಅವಳ ಹಿಂದೆ ಎಲ್ಲರೂ ಒತ್ತಿದರು.

ಸೋಮವಾರ ನಾನು ಟ್ರೈನಿಂಗಿಗೆ ಹೋದೆ. ಪಾಸಾದವರ ಜೊತೆ ನನ್ನ ಹೆಸರು ಹೇಗೆ ಸೇರಿತು ಅಂತ ಊರಿನಲ್ಲಿ ಕೇಳಿದವರಿಗೆ, ಮತ್ತೆ ಅಂಕ ಎಣಿಸಿದರು ಅಂದೆ. ನಂಬಿದರು. ಅವ್ವ ಯಾರಿಗೂ ಏನೂ ಹೇಳಲಿಲ್ಲ. ಮೊದಲ ಸಂಬಳದಲ್ಲಿ ಸೀರೆ ತಂದು ಕೊಟ್ಟಾಗ ಮಡಿಲಲ್ಲಿ ಇಟ್ಟುಕೊಂಡು ತುಂಬ ಹೊತ್ತು ಸವರಿದಳು. ಆಮೇಲೆ, "ನನ್ನ ಭೂಮಿ ಕೈಬುಟ್ಟು ಓದಾಗ ನಂಗೆ ಓದಕ್ಕೆ ಬತ್ತಿರ್ಲಿಲ್ಲ" ಅಂದಳು. ಆ ವಿಷಯಕ್ಕೆ ಅವಳು ಆಡಿದ್ದು ಅದೊಂದೇ ಮಾತು. ಸಿಟ್ಟಿನಲ್ಲಿ ಎದ್ದು ಹೊರಗೆ ಹೋದೆ. ಸೀರೆಯನ್ನು ಅವಳು ಉಡಲಿಲ್ಲ.

ಚಿಕ್ಕವ್ವನ ಸೊಸೆ ನಾನಿದ್ದ ಶೆಡ್ಡನ್ನೇ ಗುಡಿಸುತ್ತಿದ್ದಳು. ನಾನು ನೀಲಿ ಕೋಟಿನಲ್ಲಿ ಮಿಷನ್ ಮುಂದೆ, ಅವಳು ಪೊರಕೆ ಹಿಡಿದು ನನ್ನ ಕಾಲಿನ ಸುತ್ತ. ಅಕ್ಕಾ ಕಾಲೆತ್ತು ಅನ್ನುತ್ತಿದ್ದಳು. ಮೂರನೆಯ ವರ್ಷ ಕಂಟ್ರಾಕ್ಟರ್ ಬದಲಾದ. ಹೊಸಬ ತನ್ನ ಜನರನ್ನು ಕರೆದುಕೊಂಡು ಬಂದ. ನಮ್ಮೂರಿನ ಹೆಂಗಸರು, ಗಂಡಸರು, ಅಷ್ಟೂ ಜನರನ್ನು ಒಂದೇ ದಿನ ಬಿಡಿಸಿದರು. ಮನೆಗೊಂದು ಕೆಲಸ ಅಂದಿದ್ದರಲ್ಲ ಅಂತ ಚಿಕ್ಕವ್ವ ಗೇಟಿಗೆ ಹೋಗಿ ಕೂತಳು. ಒಳಗೆ ಕರೆದು ಒಂದು ಫೈಲು ತೆಗೆದು ಅವಳ ಹೆಬ್ಬೆಟ್ಟನ್ನು ಅವಳಿಗೇ ತೋರಿಸಿದರಂತೆ. ಯಾರೋ ಅದನ್ನು ಕನ್ನಡದಲ್ಲಿ ಓದಿ ಹೇಳಿದರಂತೆ.

ಅವತ್ತು ನಾನು ಪಾಳಿ ಮುಗಿಸಿ ಮನೆಗೆ ಬಂದಾಗ ಅವಳು ನಮ್ಮ ಜಗುಲಿಯ ಮೇಲೆ ಕೂತಿದ್ದಳು. ಅವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಚಪ್ಪಲಿ ಬಿಡುತ್ತ, ಬೈಗುಳಕ್ಕೆ ಕಾದೆ. ಬೈದರೆ ತಿರುಗಿ ಬೈಯುವುದಕ್ಕೂ ಬಾಯಿ ಸಜ್ಜಾಗಿತ್ತು, ನನ್ನ ಸ್ವಭಾವ ಅಂಥದ್ದು. ಚಿಕ್ಕವ್ವ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ಬೆನ್ನ ಮೇಲೆ ಕೈಯಿಟ್ಟಳು.

"ನೀನು ಮನ್ಸಿಗ್ ಅಚ್ಕೋಬ್ಯಾಡ ಕಣವ್ವ" ಅಂದಳು. "ಅಷ್ಟ್ ಓದ್ದೋಳು, ನಿಂಗೇ ಗೊತ್ತಾಗ್ಲಿಲ್ಲ ಅಂದ್ರೆ, ಅದೆಂಥ ಇಂಗ್ಲೀಸ್ ಬರ್ದಿದ್ರೋ ಆ ಮನೆಹಾಳ್ರು."

ಅವ್ವ ನನ್ನನ್ನು ನೋಡುತ್ತಿದ್ದಳು.

"ಹೂಂ ಚಿಕ್ಕವ್ವ" ಅಂದೆ. "ತುಂಬ ಕಷ್ಟದ ಇಂಗ್ಲಿಷು ಅದು."